ಭಾರ ಹೊರುವ ಅಂಟುಗಳು: ಹೊಸಪೇಟೆ–ಹಂಪಿ ಸೀಮೆಯ ಕಟ್ಟಡಗಳಲ್ಲಿ

ಕಟ್ಟಡದ ಎರಡು ಭಾಗಗಳನ್ನು ಬೆಸೆದು, ಒಂದರ ಭಾರವನ್ನು ಇನ್ನೊಂದಕ್ಕೆ ದಾಟಿಸುವ ಪದಾರ್ಥಕ್ಕೆ ರಚನಾತ್ಮಕ ಅಂಟು ಎಂದು ಹೆಸರು. ಕಪಾಟಿನ ಮೇಲೆ ಲ್ಯಾಮಿನೇಟ್ ಹಾಳೆ ಕೂರಿಸುವ ಅಂಟು ಈ ಗುಂಪಿಗೆ ಸೇರುವುದಿಲ್ಲ. ಅದು ಬಿಟ್ಟುಕೊಂಡರೆ ಅಂದ ಕೆಟ್ಟೀತು, ಯಾರ ತಲೆಯ ಮೇಲೂ ಏನೂ ಬೀಳದು. ಇಂದಿನ ಎಂಜಿನಿಯರಿಂಗ್ ಬಳಕೆಯಲ್ಲಿ ಈ ಹೆಸರು ಎಪಾಕ್ಸಿ, ಪಾಲಿಯುರೆಥೇನ್, ಫಿನಾಲಿಕ್ ರಾಳ, ಸಿಲಿಕೋನ್ ಮೊದಲಾದ ರಾಸಾಯನಿಕಗಳಿಗೆ ಮೀಸಲಾಗಿದೆ. ಸುಣ್ಣದ ಗಾರೆ, ಸುರ್ಕಿ, ಸಿಮೆಂಟನ್ನು ಬೇರೆ ಅಧ್ಯಾಯದಲ್ಲಿ ಇಡುವುದು ಪಠ್ಯಪುಸ್ತಕಗಳ ರೂಢಿ. ಇಲ್ಲಿ ಆ ಗೋಡೆ ಹಾಕಿಲ್ಲ. ವಿಜಯನಗರ ಜಿಲ್ಲೆಯ ಹೊಸಪೇಟೆ, ಕಡ್ಡಿರಾಂಪುರ, ಹಂಪಿ ಮತ್ತು ಬಳ್ಳಾರಿ ಜಿಲ್ಲೆಯ ಸಂಡೂರು, ಕಂಪ್ಲಿಗಳ ನಡುವೆ ಒಂದು ದಿನ ಓಡಾಡಿದರೆ ಅಂಟೇ ಇಲ್ಲದ ಕಲ್ಲಿನ ಮಂಟಪದಿಂದ ಹಿಡಿದು ರಾಳದಲ್ಲಿ ಕೂರಿಸಿದ ಉಕ್ಕಿನ ಸರಳಿನವರೆಗೆ ಎಲ್ಲ ಬಗೆಯ ಬೆಸುಗೆಯೂ ಕಣ್ಣಿಗೆ ಬೀಳುತ್ತದೆ. ಅವುಗಳನ್ನು ಒಟ್ಟಿಗೆ ನೋಡಿದರೇ ಅಂಟಿನಿಂದ ನಾವು ಏನೇನು ನಿರೀಕ್ಷಿಸಬೇಕು ಎಂಬುದು ತಿಳಿಯಾಗುತ್ತದೆ.

ಈ ನಿರೀಕ್ಷೆಗಳ ಪಟ್ಟಿ ಎಲ್ಲ ದೇಶಗಳ ಮಾನಕಗಳಲ್ಲೂ ಹೆಚ್ಚುಕಡಿಮೆ ಒಂದೇ: ಶಕ್ತಿ, ಬಿಗಿ, ತಾಪ ಮತ್ತು ನೀರನ್ನು ತಾಳುವ ಗುಣ, ಬಾಳಿಕೆ. ಅವುಗಳಲ್ಲಿ ಯಾವುದನ್ನು ಮೊದಲು ಕೇಳಬೇಕು ಎಂಬುದನ್ನು ಮಾತ್ರ ಆಯಾ ಊರಿನ ಬಿಸಿಲು, ಮಳೆ, ಕಲ್ಲು ತೀರ್ಮಾನಿಸುತ್ತವೆ. ಅಂಗಡಿಯಲ್ಲಿ ಡಬ್ಬಿ ಕೊಳ್ಳುವವರು ಕೇಳುವುದು ಶಕ್ತಿಯನ್ನು. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಈ ಗ್ರಾನೈಟ್ ಸೀಮೆಯಲ್ಲಿ ಮೊದಲು ಕೇಳಬೇಕಾದದ್ದು ತಾಪದ ಮಿತಿಯನ್ನು ಮತ್ತು ನೆರೆಯ ಪದಾರ್ಥದೊಂದಿಗಿನ ಹೊಂದಾಣಿಕೆಯನ್ನು.

ಅಂಟಿಲ್ಲದ ಕಟ್ಟೋಣ

ಹಂಪಿಯ ಗುಡಿಗಳ ಕಂಬ, ಬೋದಿಗೆ, ತೊಲೆ, ಚಪ್ಪಡಿಗಳು ಬಹುಪಾಲು ಗಾರೆಯಿಲ್ಲದೆ ಒಂದರ ಮೇಲೊಂದು ಕೂತಿವೆ. ಇಲ್ಲಿ ಬೆಸುಗೆಯ ಕೆಲಸ ಮಾಡುವುದು ಭಾರ. ಮೇಲಿನ ಚಾವಣಿ ಒತ್ತುವಷ್ಟು ಹೊತ್ತು ಕೆಳಗಿನ ಕಂಬ ಜಾರುವುದಿಲ್ಲ. ಚಾವಣಿ ಹೋದರೆ ಕಂಬದ ಪಾಲಿಗೆ ಉಳಿಯುವುದು ತನ್ನ ತೂಕ ಮಾತ್ರ. 2019ರ ಫೆಬ್ರುವರಿಯಲ್ಲಿ ಕೆಲವು ಯುವಕರು ಹಂಪಿಯ ವಿಷ್ಣು ಗುಡಿಯ ಆವರಣದಲ್ಲಿದ್ದ ಇಂಥ ಕಂಬಗಳನ್ನು ಬರಿಗೈಯಲ್ಲಿ ತಳ್ಳಿ ಕೆಡವಿದ ವಿಡಿಯೊ ನಾಡೆಲ್ಲ ಹರಿದಾಡಿತು. ಹೊಸಪೇಟೆಯ ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿದ್ದಲ್ಲದೆ ಬಿದ್ದ ಕಂಬಗಳನ್ನು ಮತ್ತೆ ನಿಲ್ಲಿಸುವಂತೆಯೂ ಆದೇಶಿಸಿತು. ಶಿಕ್ಷೆಯ ಎರಡನೆಯ ಭಾಗ ಸಾಧ್ಯವಾದದ್ದೇ ಅಂಟು ಇಲ್ಲದ್ದರಿಂದ. ಗಾರೆಯಿಲ್ಲದ ಕಟ್ಟೋಣವನ್ನು ಬಿಚ್ಚಬಹುದು, ಮತ್ತೆ ಜೋಡಿಸಬಹುದು. ರಾಳ ಸುರಿದು ಕೂಡಿಸಿದ್ದನ್ನು ಒಡೆಯಬಹುದು, ಬಿಚ್ಚಲಾಗದು.

ಒಣ ಕಟ್ಟೋಣಕ್ಕೂ ದೌರ್ಬಲ್ಯವಿದೆ. ಬುಡ ಕುಸಿದರೆ ಮೇಲಿನದ್ದನ್ನು ಹಿಡಿದಿಡಲು ಬೇರೆ ಯಾವ ಆಸರೆಯೂ ಇರುವುದಿಲ್ಲ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಗುಡಿಯ ಮುಂದಿನ ರಥಬೀದಿಯ ಸಾಲುಮಂಟಪದ ಒಂದು ಭಾಗ ಉರುಳಿತು. ಇಂಥ ಮಂಟಪಗಳಿಗೆ ಅಂಟಿಗಿಂತ ಮೊದಲು ಬೇಕಾದದ್ದು ನೀರು ಹರಿದುಹೋಗುವ ದಾರಿ.

ಕಲ್ಲಿನ ಭಾಗ ಮುಗಿದು ಮೇಲೆ ಇಟ್ಟಿಗೆಯ ಭಾಗ ಶುರುವಾದ ಕೂಡಲೇ ಲೆಕ್ಕ ಬದಲಾಗುತ್ತದೆ. ಗೋಪುರ, ಶಿಖರ, ಕಮಾನು, ಗುಮ್ಮಟಗಳಿಗೆ ಗಾರೆ ಬೇಕೇ ಬೇಕು. ಕಡ್ಡಿರಾಂಪುರದ ಹಳೆಯ ಮುಸ್ಲಿಂ ಗೋರಿಗಳ ಗುಮ್ಮಟ, ಕಮಲಾಪುರ ದಾರಿಯ ಕಮಲ ಮಹಲು, ಆನೆಲಾಯಗಳ ಕಮಾನುಗಳು ಈ ಜಾತಿಯವು. ಇವೆಲ್ಲಕ್ಕಿಂತ ಎದೆಗಾರಿಕೆಯ ಉದಾಹರಣೆ ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲೇ ಸಿಗುವ ಅನಂತಶಯನಗುಡಿ. ಕೃಷ್ಣದೇವರಾಯನ ಕಾಲದಲ್ಲಿ, 1524ರಲ್ಲಿ ಕಟ್ಟಿಸಿದ ಈ ಗುಡಿಯ ಗರ್ಭಗೃಹದ ಮೇಲೆ ಇಟ್ಟಿಗೆ–ಗಾರೆಯ ದೊಡ್ಡ ಕಮಾನು ಚಾವಣಿ ಸುಮಾರು 24 ಮೀಟರ್ ಎತ್ತರಕ್ಕೆ ಏರಿದೆ. ಉಕ್ಕಿಲ್ಲ, ತೊಲೆಯಿಲ್ಲ. ಅಂಟೇ ಇಲ್ಲಿ ರಚನೆ. ಇದಕ್ಕೆ ವಿರುದ್ಧವಾದ ಉದಾಹರಣೆ ವಿಠ್ಠಲ ಗುಡಿಯ ಕಲ್ಲಿನ ರಥ: 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರ ಕಾಣುತ್ತದೆ, ಈಗ ಅದು ಇಲ್ಲ. ಕೆಳಗಿನ ಕಲ್ಲು ಮಾತ್ರ ಉಳಿದಿದೆ.

ಸುಣ್ಣದ ಗಾರೆ

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಗೆ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟು ಹೋಗುತ್ತದೆ. ಶುದ್ಧವಾದ 100 ಕಿಲೊ ಕಲ್ಲಿನಿಂದ 56 ಕಿಲೊ ಸುಟ್ಟ ಸುಣ್ಣ ಸಿಗುತ್ತದೆ. ಅದಕ್ಕೆ ನೀರು ಹಾಕಿ ಅರಳಿಸಿ, ಮರಳು ಸೇರಿಸಿ ಅರೆದರೆ ಗಾರೆ. ಗೋಡೆಗೆ ಹೋದ ಮೇಲೆ ಅದು ಗಾಳಿಯಿಂದ ಅದೇ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಮೇಲ್ಮೈಯಿಂದ ಒಳಕ್ಕೆ ಸಾಗುವ ಈ ಕೆಲಸ ಬಹಳ ನಿಧಾನ. ದಪ್ಪ ಗೋಡೆಯ ನಡುಭಾಗ ವರ್ಷಗಟ್ಟಲೆ ಮೆದುವಾಗಿಯೇ ಇರುವುದುಂಟು. ಅದರಿಂದಾಗುವ ಲಾಭವೂ ಇದೆ: ಬುನಾದಿ ಅಲ್ಪಸ್ವಲ್ಪ ಕುಗ್ಗಿದರೆ ಗಾರೆ ಸೀಳದೆ ಬಾಗಿಕೊಳ್ಳುತ್ತದೆ. ಸಣ್ಣ ಬಿರುಕಿನೊಳಗೆ ಮಳೆನೀರು ಇಳಿದಾಗ ಕರಗಿದ ಸುಣ್ಣ ಅಲ್ಲೇ ಮತ್ತೆ ಹೆಪ್ಪುಗಟ್ಟಿ ಬಿರುಕನ್ನು ಮುಚ್ಚುವುದೂ ಉಂಟು.

ಗಾರೆ ಅರೆಯಲು ನೆಲದಲ್ಲಿ ಕಲ್ಲು ಹಾಸಿದ ದುಂಡನೆಯ ಕಾಲುವೆ ಮಾಡಿ, ಅದರಲ್ಲಿ ಎತ್ತು ಎಳೆಯುವ ಕಲ್ಲಿನ ಗಾಲಿಯನ್ನು ಸುತ್ತಿಸುತ್ತಿದ್ದರು. ಇದೇ ಗಾರೆಯ ಗಾಣ. ಅರೆದಷ್ಟೂ ಸುಣ್ಣ ಮರಳಿನ ಪ್ರತಿ ಕಣಕ್ಕೂ ಹಿಡಿಯುತ್ತದೆ, ನೀರು ಕಡಿಮೆ ಸಾಕಾಗುತ್ತದೆ. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ, ಬಿಲ್ವದ ಕಾಯಿಯ ಲೋಳೆ ಬೆರೆಸುವ ಪದ್ಧತಿ ದಕ್ಷಿಣದ ಉದ್ದಗಲಕ್ಕೂ ಇತ್ತು. ಕಬ್ಬು ಬೆಳೆಯುವ, ಆಲೆಮನೆಗಳಿರುವ ಹೊಸಪೇಟೆ–ಕಂಪ್ಲಿ ಸೀಮೆಯಲ್ಲಿ ಬೆಲ್ಲಕ್ಕೆ ಕೊರತೆ ಇರಲಿಲ್ಲ. ಸಕ್ಕರೆಯ ಅಂಶ ಇದ್ದಾಗ ಸುಣ್ಣ ನೀರಿನಲ್ಲಿ ಹೆಚ್ಚು ಕರಗುತ್ತದೆ, ಗಾರೆ ಕರಣೆಗೆ ನಯವಾಗಿ ಸಿಗುತ್ತದೆ. ಇದು ಸುಣ್ಣಕ್ಕೆ ಸಲ್ಲುವ ಮಾತು. ಹಳೆಯ ಅಭ್ಯಾಸದ ಮೇಲೆ ಸಿಮೆಂಟಿನ ಗಾರೆಗೆ ಬೆಲ್ಲ ಬೆರೆಸಿದರೆ ಕೆಲಸ ಕೆಡುತ್ತದೆ. ತೀರ ಸ್ವಲ್ಪ ಸಕ್ಕರೆ ಕೂಡ ಸಿಮೆಂಟು ಬಿಗಿಯುವುದನ್ನು ತಡೆದು ನಿಲ್ಲಿಸಬಲ್ಲದು.

ಭಾರತೀಯ ಮಾನಕ ಐಎಸ್ 712 ಕಟ್ಟಡದ ಸುಣ್ಣವನ್ನು ಎ ಯಿಂದ ಎಫ್ ವರೆಗೆ ಆರು ವರ್ಗ ಮಾಡಿದೆ. ಎ ವರ್ಗದ್ದು ನೀರಿನಲ್ಲೂ ಬಿಗಿಯುವ ಸುಣ್ಣ. ಸಿ ವರ್ಗದ್ದು ಬಿಳಿಯ, ಕೊಬ್ಬಿದ ಸುಣ್ಣ, ಗಿಲಾವಿಗೂ ಬಣ್ಣಕ್ಕೂ ಒಳ್ಳೆಯದು. ಇ ವರ್ಗದ್ದು ಎರೆಹೊಲಗಳಲ್ಲಿ ಸಿಗುವ ಸುಣ್ಣದ ಹರಳುಗಳಿಂದ ಬರುವಂಥದ್ದು. ಗಾರೆಯ ಶಕ್ತಿ ಎಷ್ಟಿರಬೇಕು ಎಂಬುದಕ್ಕೆ ಕಲ್ಲು–ಇಟ್ಟಿಗೆ ಕಟ್ಟೋಣದ ಸಂಹಿತೆ ಐಎಸ್ 1905 ಕೊಡುವ ಏಣಿ ಗಮನಿಸತಕ್ಕದ್ದು. ಮೇಲಿನ ಎಚ್1 ದರ್ಜೆಗೆ ಚದರ ಮಿಲಿಮೀಟರಿಗೆ 10 ನ್ಯೂಟನ್, ಕೆಳಗಿನ ಎಲ್2 ದರ್ಜೆಗೆ ಬರೀ 0.5. ಇಪ್ಪತ್ತು ಪಟ್ಟು ಅಂತರವಿದ್ದರೂ ಎರಡಕ್ಕೂ ಅದರದರ ಜಾಗವಿದೆ. ಗೋಡೆಯ ಗಾರೆ ಗೋಡೆಯ ಇಟ್ಟಿಗೆಗಿಂತ ಮೆದುವಾಗಿರಬೇಕು ಎಂಬುದು ಗಾರೆ ಕೆಲಸದ ಹಳೆಯ ನಿಯಮ. ಬಿರುಕು ಬಂದರೆ ಸಂದಿಯಲ್ಲಿ ಬರಲಿ, ಇಟ್ಟಿಗೆಯಲ್ಲಿ ಬೇಡ.

ಸುರ್ಕಿ ಮತ್ತು ತುಂಗಭದ್ರಾ ಅಣೆಕಟ್ಟು

ಕೊಬ್ಬಿದ ಸುಣ್ಣ ಒಂದೇ ನೀರೊಳಗೆ ಬಿಗಿಯದು. ಸುಟ್ಟ ಜೇಡಿಯನ್ನೋ ಇಟ್ಟಿಗೆಯನ್ನೋ ನುಣ್ಣಗೆ ಪುಡಿಮಾಡಿ ಸೇರಿಸಿದರೆ ಅದರ ಸಿಲಿಕಾ ಸುಣ್ಣದೊಂದಿಗೆ ಕೂಡಿ, ಸಿಮೆಂಟಿನಲ್ಲಿ ಹುಟ್ಟುವಂಥದ್ದೇ ಸಂಯುಕ್ತವನ್ನು ಹುಟ್ಟಿಸುತ್ತದೆ. ಈ ಪುಡಿಯೇ ಸುರ್ಕಿ. ಮುಲ್ಲಪೆರಿಯಾರ್ ಅಣೆಕಟ್ಟು (1895) ನಿಂತಿರುವುದು ಇದರ ಮೇಲೆ. ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರವೂ ಸುರ್ಕಿ ಗಾರೆಯದೇ.

ಹೊಸಪೇಟೆಯ ಪಕ್ಕದ ತುಂಗಭದ್ರಾ ಅಣೆಕಟ್ಟು ಈ ಪರಂಪರೆಯ ದೊಡ್ಡ ಕೂಸು. ಹೈದರಾಬಾದ್ ಸಂಸ್ಥಾನ ಮತ್ತು ಮದರಾಸು ಪ್ರಾಂತ ಕೂಡಿ ಕೈಗೊಂಡ ಈ ಕೆಲಸಕ್ಕೆ 1945ರ ಫೆಬ್ರುವರಿ 28ರಂದು ಅಡಿಗಲ್ಲು ಬಿತ್ತು. 1953ರ ಹೊತ್ತಿಗೆ ನೀರು ನಿಂತಿತು. ಹೈದರಾಬಾದ್ ಕಡೆಯಿಂದ ವೇಪಾ ಕೃಷ್ಣಮೂರ್ತಿ, ಮದರಾಸು ಕಡೆಯಿಂದ ತಿರುಮಲೆ ಅಯ್ಯಂಗಾರ್ ಮುಖ್ಯ ಎಂಜಿನಿಯರುಗಳ ಸಾಲಿನಲ್ಲಿದ್ದರು. ಸುಮಾರು 49 ಮೀಟರ್ ಎತ್ತರ, 2,441 ಮೀಟರ್ ಉದ್ದದ ಈ ಕಟ್ಟೆಗೆ ಸ್ಥಳೀಯ ಕಲ್ಲು, ಸುರ್ಕಿ ಗಾರೆ ಮತ್ತು ಸಾವಿರಾರು ಜನರ ಕೈಕೆಲಸವನ್ನು ನೆಚ್ಚಿಕೊಂಡದ್ದು ಕಾಲಕ್ಕೆ ತಕ್ಕ ತೀರ್ಮಾನ. ತಾಂತ್ರಿಕವಾಗಿಯೂ ಅದು ಸರಿಯೇ: ಅಣೆಕಟ್ಟಿನಂಥ ದಪ್ಪ ಕಟ್ಟೋಣದಲ್ಲಿ ಸಿಮೆಂಟು ಬಿಗಿಯುವಾಗ ಏಳುವ ಬಿಸಿ ಒಳಗೇ ಸಿಕ್ಕಿಕೊಂಡು ಬಿರುಕು ತರುತ್ತದೆ, ಸುರ್ಕಿಯ ಬಿಸಿ ಬಹಳ ಕಡಿಮೆ. ಗಾರೆಯಿಂದ ಇಲ್ಲಿ ಬೇಕಾದದ್ದು ಎಳೆತವನ್ನು ತಾಳುವ ಶಕ್ತಿಯಲ್ಲ. ಕಟ್ಟೆ ನಿಲ್ಲುವುದು ತನ್ನ ತೂಕದಿಂದ. ಗಾರೆ ಸಂದು ತುಂಬಬೇಕು, ನೀರು ತಡೆಯಬೇಕು, ಕಲ್ಲಿನಿಂದ ಕಲ್ಲಿಗೆ ಒತ್ತಡ ದಾಟಿಸಬೇಕು.

ಇದರ ಶತ್ರು ಸೋರಿಕೆ. ಒಳಗೆ ಹಾದುಹೋಗುವ ನೀರು ಸುಣ್ಣವನ್ನು ಕರಗಿಸಿಕೊಂಡು ಹೊರಬರುತ್ತದೆ. ಹಳೆಯ ಕಟ್ಟೆಗಳ ಹಿಂಬದಿಯಲ್ಲಿ ಕಾಣುವ ಬಿಳಿಯ ಗೆರೆಗಳು ಅದರ ಗುರುತು. ಹಾಗಾಗಿ ಇಂಥ ಕಟ್ಟೆಗಳಿಗೆ ಕಾಲಕಾಲಕ್ಕೆ ರಂಧ್ರ ಕೊರೆದು ಸಿಮೆಂಟಿನ ತಿಳಿಯನ್ನು ಒತ್ತಡದಿಂದ ತುಂಬುವುದು ಅನಿವಾರ್ಯ. ಅಂದಹಾಗೆ, 2024ರ ಆಗಸ್ಟ್ 10ರ ರಾತ್ರಿ ಈ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಅಂದು ತುಂಡಾದದ್ದು ಗೇಟಿನ ಸರಪಳಿ. ಎಪ್ಪತ್ತು ವರ್ಷ ಹಳೆಯ ಸುರ್ಕಿ ಗೋಡೆಗೆ ಏನೂ ಆಗಲಿಲ್ಲ.

ಸುರ್ಕಿಯ ಜಾಗಕ್ಕೆ ಈಗ ಈ ಸೀಮೆಯದೇ ಇನ್ನೊಂದು ಪುಡಿ ಬಂದಿದೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆಯಿಂದ ಬರುವ ಕಿಟ್ಟವನ್ನು ನುಣ್ಣಗೆ ಅರೆದು ಸಿಮೆಂಟಿಗೆ ಬೆರೆಸುತ್ತಾರೆ. ಐಎಸ್ 455 ಪ್ರಕಾರ ಇಂಥ ಸಿಮೆಂಟಿನಲ್ಲಿ ಕಿಟ್ಟದ ಪಾಲು ನೂರಕ್ಕೆ 25ರಿಂದ 70ರವರೆಗೆ ಇರಬಹುದು. ಮೊದಲ ವಾರದ ಶಕ್ತಿ ತುಸು ಕಡಿಮೆ, ಬಿಸಿಯೂ ಕಡಿಮೆ, ಉಪ್ಪುನೀರಿಗೆ ತಡೆ ಹೆಚ್ಚು. ನೀರು ಹೊಡೆಯುವುದನ್ನು ಮೂರೇ ದಿನಕ್ಕೆ ನಿಲ್ಲಿಸುವ ಮನೆಗಳಿಗೆ ಮಾತ್ರ ಇದು ಹೇಳಿಮಾಡಿಸಿದ್ದಲ್ಲ.

ರಾಳದ ಅಂಟುಗಳು

ಎಪಾಕ್ಸಿ ರಾಳಕ್ಕೆ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್ 1930ರ ದಶಕದ ಕೊನೆಯಲ್ಲಿ ಪೇಟೆಂಟ್ ಪಡೆದರು. 1946ರಲ್ಲಿ ಅರಾಲ್ಡೈಟ್ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ರಾಳ ಮತ್ತು ಗಟ್ಟಿಕಾರಕ ಎಂಬ ಎರಡು ಭಾಗಗಳನ್ನು ಬೆರೆಸಿದಾಗ ಅಣುಗಳು ಮೂರು ದಿಕ್ಕಿಗೂ ಕೊಂಡಿ ಹಾಕಿಕೊಂಡು ಮತ್ತೆ ಕರಗದ ಘನವಾಗುತ್ತವೆ. ನೀರು ಆವಿಯಾಗಿ ಹೋಗಬೇಕಾದ್ದಿಲ್ಲ, ಆದ್ದರಿಂದ ಕುಗ್ಗುವುದೂ ಕಡಿಮೆ. 1960ರ ದಶಕದ ಆರಂಭದಲ್ಲಿ ಪ್ಯಾರಿಸ್ ಬಳಿಯ ಶ್ವಾಜಿ-ಲ-ರ್ವಾ ಸೇತುವೆಯ ಕಾಂಕ್ರೀಟ್ ತುಂಡುಗಳನ್ನು ಎಪಾಕ್ಸಿ ಹಚ್ಚಿ ಜೋಡಿಸಿದರು. ಸಿಡ್ನಿಯ ಆಪೆರಾ ಹೌಸಿನ ಚಿಪ್ಪಿನಾಕಾರದ ಚಾವಣಿಯ ಪಕ್ಕೆಗಳಿಗೂ ಇದೇ ಅಂಟು. ಬೆಂಗಳೂರಿನ ನಮ್ಮ ಮೆಟ್ರೊದ ಎತ್ತರಿಸಿದ ಹಳಿದಾರಿಯಲ್ಲಿ ಎರಕದ ಅಂಗಳದಿಂದ ತಂದ ಪೆಟ್ಟಿಗೆಯಾಕಾರದ ತುಂಡುಗಳ ಮುಖಕ್ಕೆ ಎಪಾಕ್ಸಿ ಬಳಿದು, ಒಳಗಿನ ಉಕ್ಕಿನ ಎಳೆಗಳನ್ನು ಬಿಗಿದು ಕೂಡಿಸಿದ್ದಾರೆ. ಇಲ್ಲಿ ಅಂಟು ಒಂಟಿಯಾಗಿ ಭಾರ ಹೊರುವುದಿಲ್ಲ. ಸಂದಿಯ ಏರುತಗ್ಗನ್ನು ತುಂಬಿ ಒತ್ತಡವನ್ನು ಸಮನಾಗಿ ಹಂಚುವುದು, ಒಳಗಿನ ಉಕ್ಕಿಗೆ ನೀರು ತಗಲದಂತೆ ಕಾಯುವುದು ಅದರ ಪಾಲಿನ ಕೆಲಸ.

ಹೊಸಪೇಟೆಯಂಥ ಊರಿನಲ್ಲಿ ಎಪಾಕ್ಸಿ ಹೆಚ್ಚು ಬಳಕೆಯಾಗುವುದು ಹಳೆಯ ಕಾಂಕ್ರೀಟಿಗೆ ಹೊಸ ಸರಳು ಕೂರಿಸಲು. ಮಾಳಿಗೆಯ ಮೇಲೆ ಇನ್ನೊಂದು ಅಂತಸ್ತು ಏರಿಸಬೇಕು, ಕಂಬದ ಸರಳು ಬಿಟ್ಟಿಲ್ಲ ಎಂದಾಗ ರಂಧ್ರ ಕೊರೆದು ‘ಕೆಮಿಕಲ್ ಹಾಕಿ’ ಸರಳು ನೆಡುತ್ತಾರೆ. ಈ ಕೆಲಸವೇ ಮುಂದಿನ ಎಲ್ಲ ಮಾತಿಗೂ ಒಳ್ಳೆಯ ಒರೆಗಲ್ಲು.

ಬೇಡಿಕೆಗಳು

ಶಕ್ತಿಯಿಂದಲೇ ಶುರುಮಾಡೋಣ, ಏಕೆಂದರೆ ಅದು ಸುಲಭದ್ದು. ಅಮೆರಿಕದ ಎಎಸ್‌ಟಿಎಂ ಸಿ 881 ಮಾನಕ ಕಾಂಕ್ರೀಟಿಗೆ ಬಳಸುವ ಎಪಾಕ್ಸಿಗಳನ್ನು ಕೆಲಸಕ್ಕೆ ತಕ್ಕಂತೆ ಏಳು ಬಗೆ ಮಾಡುತ್ತದೆ. ಗಟ್ಟಿಯಾದ ಕಾಂಕ್ರೀಟಿಗೆ ಗಟ್ಟಿಯಾದದ್ದನ್ನೇ ಭಾರ ಹೊರುವಂತೆ ಕೂಡಿಸುವ ನಾಲ್ಕನೆಯ ಬಗೆಗೆ ಏಳು ದಿನಕ್ಕೆ ಚದರ ಮಿಲಿಮೀಟರಿಗೆ ಸುಮಾರು 70 ನ್ಯೂಟನ್ ಒತ್ತಡ ಶಕ್ತಿ ಇರಬೇಕು. ಯುರೋಪಿನ ಇಎನ್ 1504-4 ಕತ್ತರಿಸುವ ಬಲಕ್ಕೆ 12 ನ್ಯೂಟನ್ ಕೇಳುತ್ತದೆ. ಹೆಸರುವಾಸಿ ಎಪಾಕ್ಸಿಗಳು ಇದನ್ನು ಸಲೀಸಾಗಿ ದಾಟುತ್ತವೆ. ನಮ್ಮ ಸಾಮಾನ್ಯ ಕಾಂಕ್ರೀಟ್ 20–25 ನ್ಯೂಟನ್ನಿನದು. ಜೋಡಣೆಯನ್ನು ಒಡೆದು ನೋಡಿದರೆ ಅಂಟಿನ ಪಕ್ಕದ ಕಾಂಕ್ರೀಟೇ ಸೀಳಿರಬೇಕು, ಅಂಟಿನ ಮುಖ ನುಣ್ಣಗೆ ಬಿಟ್ಟುಕೊಂಡಿರಬಾರದು. ನುಣ್ಣಗೆ ಬಿಟ್ಟುಕೊಂಡಿದ್ದರೆ ತಪ್ಪು ಮೇಲ್ಮೈಯಲ್ಲಿದೆ. ಇನ್ನೊಂದು ಮಾತು: ಅಂಟು ಒತ್ತಡವನ್ನೂ ಜಾರಿಕೆಯನ್ನೂ ಚೆನ್ನಾಗಿ ತಾಳುತ್ತದೆ, ಅಂಚಿನಿಂದ ಸುಲಿಯುವ ಬಲವನ್ನು ತಾಳುವುದಿಲ್ಲ. ತೊಲೆಯ ಕೆಳಗೆ ಅಂಟಿಸಿದ ಉಕ್ಕಿನ ಇಲ್ಲವೆ ಕಾರ್ಬನ್ ಪಟ್ಟಿ ಬಿಚ್ಚಿಕೊಳ್ಳುವುದು ತುದಿಯಿಂದಲೇ. ತುದಿಗೆ ಬೋಲ್ಟು ಅಥವಾ ಸುತ್ತುಪಟ್ಟಿ ಹಾಕುವುದು ಅದಕ್ಕಾಗಿ.

ಎರಡನೆಯದು ಕಾಲ. ಒಂದು ಗಂಟೆ ಎಳೆದು ನೋಡಿದಾಗ ಗಟ್ಟಿಯಾಗಿರುವ ಅಂಟು ಹತ್ತು ವರ್ಷ ಎಳೆತದಲ್ಲಿದ್ದರೆ ಮೆಲ್ಲನೆ ಹಿಗ್ಗುತ್ತ ಹೋಗಬಹುದು. ಎಂಜಿನಿಯರುಗಳು ಇದನ್ನು ಕ್ರೀಪ್ ಎನ್ನುತ್ತಾರೆ. 2006ರ ಜುಲೈ 10ರಂದು ಅಮೆರಿಕದ ಬೋಸ್ಟನ್ ನಗರದ ಸುರಂಗ ರಸ್ತೆಯಲ್ಲಿ ಚಾವಣಿಯ ಕಾಂಕ್ರೀಟ್ ಹಲಗೆಗಳು ಕಾರಿನ ಮೇಲೆ ಬಿದ್ದು ಒಬ್ಬ ಮಹಿಳೆ ಸತ್ತರು. ಆ ಹಲಗೆಗಳನ್ನು ಹೊತ್ತಿದ್ದ ಬೋಲ್ಟುಗಳನ್ನು ಮೇಲ್ಮುಖ ರಂಧ್ರಗಳಲ್ಲಿ ಎಪಾಕ್ಸಿಯಿಂದ ಕೂರಿಸಿದ್ದರು. ಬೇಗ ಗಟ್ಟಿಯಾಗುವ ಬಗೆಯ ಆ ಎಪಾಕ್ಸಿ ನಿರಂತರ ಭಾರಕ್ಕೆ ಒಗ್ಗುವಂಥದ್ದಾಗಿರಲಿಲ್ಲ, ಅಲ್ಪಕಾಲದ ಪರೀಕ್ಷೆಯಲ್ಲಿ ಮಾತ್ರ ಅದು ತೇರ್ಗಡೆಯಾಗಿತ್ತು ಎಂದು ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಹೇಳಿತು. ಸದಾ ಕೆಳಕ್ಕೆ ಜಗ್ಗುವ ಭಾರವನ್ನು ಅಂಟೊಂದರ ಮೇಲೇ ಬಿಡಬಾರದು ಎಂಬ ಎಚ್ಚರ ಜಗತ್ತಿನ ಮಾನಕಗಳಲ್ಲಿ ಬಿಗಿಯಾದದ್ದು ಈ ಘಟನೆಯ ನಂತರ. ಕಲ್ಯಾಣಮಂಟಪದ ಚಾವಣಿಗೆ ತೂಗುದೀಪ, ಜನರೇಟರ್ ಪೈಪು ತೂಗಿಸುವವರಿಗೂ ಇದು ಅನ್ವಯಿಸುತ್ತದೆ.

ಮೂರನೆಯದು ತಾಪ. ಈ ಸೀಮೆಯಲ್ಲಿ ಇದಕ್ಕೇ ಮೊದಲ ಮಣೆ. ಪ್ರತಿ ರಾಳಕ್ಕೂ ಗಾಜಿನಂತೆ ಬಿಗಿಯಾಗಿರುವ ಸ್ಥಿತಿಯಿಂದ ರಬ್ಬರಿನಂತೆ ಮೆತ್ತಗಾಗುವ ಸ್ಥಿತಿಗೆ ದಾಟುವ ತಾಪ ಒಂದಿದೆ. ಡಬ್ಬಿಯ ಮಾಹಿತಿ ಹಾಳೆಯಲ್ಲಿ ಅದನ್ನು ಟಿಜಿ ಎಂದು ಬರೆದಿರುತ್ತಾರೆ. ಕೋಣೆಯ ತಾಪದಲ್ಲಿ ಗಟ್ಟಿಯಾಗುವ ಎಪಾಕ್ಸಿಗಳ ಟಿಜಿ ಸಾಮಾನ್ಯವಾಗಿ 45ರಿಂದ 65 ಡಿಗ್ರಿಯೊಳಗೆ. ಇಎನ್ 1504-4 ಕನಿಷ್ಠ 40 ಡಿಗ್ರಿ ಇದ್ದರೆ ಸಾಕು ಎನ್ನುತ್ತದೆ. ಯುರೋಪಿಗೆ ಅದು ಸಾಕು. ಕಾರ್ಬನ್ ಪಟ್ಟಿ ಅಂಟಿಸುವ ಕೆಲಸಕ್ಕೆ ಅಮೆರಿಕದ ಕಾಂಕ್ರೀಟ್ ಸಂಸ್ಥೆಯ ಮಾರ್ಗದರ್ಶಿ ಹೇಳುವುದು ಬೇರೆ: ಬಳಕೆಯ ತಾಪ ಟಿಜಿಗಿಂತ 15 ಡಿಗ್ರಿ ಕೆಳಗಿರಬೇಕು. ಹೊಸಪೇಟೆಯ ಗಾಳಿಯೇ 40 ದಾಟುವಾಗ, ಮಧ್ಯಾಹ್ನ ಬಿಸಿಲು ಬಡಿದ ತಾರಸಿಯ, ಬಂಡೆಯ ಮೇಲ್ಮೈ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಆ ಲೆಕ್ಕ ಹಿಡಿದರೆ 45ರ ಟಿಜಿಯ ಅಂಟನ್ನು ಇಲ್ಲಿ ಬಿಸಿಲಿಗೆ ಒಡ್ಡುವ ಜಾಗಕ್ಕೆ ಬಳಸುವಂತೆಯೇ ಇಲ್ಲ.  ಬೆಂಕಿಯ ಮಾತಂತೂ ಬೇರೆಯೇ. ಅಂಟಿಸಿದ ಪಟ್ಟಿ ಬೆಂಕಿಯಲ್ಲಿ ಮೊದಲು ಕಳಚುತ್ತದೆ. ಅದು ಇಲ್ಲದೆಯೂ ತೊಲೆ ತನ್ನ ತೂಕ ಹೊತ್ತು ನಿಲ್ಲುವಂತೆ ವಿನ್ಯಾಸ ಮಾಡಬೇಕು.

ತಾಪದ ಇನ್ನೊಂದು ಮುಖ ಹಿಗ್ಗುವಿಕೆ. ಗ್ರಾನೈಟ್ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 8 ಪಾಲು ಹಿಗ್ಗಿದರೆ ಮರಳು ಬೆರೆಸದ ಎಪಾಕ್ಸಿ 50ರಿಂದ 60 ಪಾಲು ಹಿಗ್ಗುತ್ತದೆ. ಬೆಳಗಿನಿಂದ ಮಧ್ಯಾಹ್ನಕ್ಕೆ ಕಲ್ಲಿನ ತಾಪ 30 ಡಿಗ್ರಿ ಏರಿತೆನ್ನೋಣ. ಒಂದು ಮೀಟರ್ ಕಲ್ಲು ಕಾಲು ಮಿಲಿಮೀಟರಿನಷ್ಟು ಬೆಳೆಯುತ್ತದೆ, ಅಷ್ಟೇ ಉದ್ದದ ಬರಿಯ ಎಪಾಕ್ಸಿ ಒಂದೂವರೆ ಮಿಲಿಮೀಟರ್ ಬೆಳೆಯಬಯಸುತ್ತದೆ. ಪ್ರತಿದಿನ ನಡೆಯುವ ಈ ಜಗ್ಗಾಟದಲ್ಲಿ ಸಂದಿಯ ಅಂಚು ಸೋಲುತ್ತದೆ. ಪರಿಹಾರ ಎರಡು: ಅಂಟಿನ ಪದರ ತೆಳುವಾಗಿರಲಿ, ಇಲ್ಲವೆ ಬೆಣಚುಕಲ್ಲಿನ ಪುಡಿ ಬೆರೆಸಿ ಹಿಗ್ಗುವಿಕೆಯನ್ನು ತಗ್ಗಿಸಲಿ.

ಇನ್ನು ಮೇಲ್ಮೈ. ರಾಳ ಎಷ್ಟೇ ಒಳ್ಳೆಯದಿರಲಿ, ಅದು ಹಿಡಿದಿರುವುದು ಧೂಳನ್ನಾದರೆ ಏನು ಪ್ರಯೋಜನ? ಅದಿರಿನ ಲಾರಿಗಳು ಓಡುವ ಸಂಡೂರು–ಹೊಸಪೇಟೆ ದಾರಿಯ ಬದಿಯ ಕೆಲಸಗಳಲ್ಲಿ ಕೆಂಪು ಧೂಳು ಬೆಳಗ್ಗೆ ತೊಳೆದದ್ದರ ಮೇಲೆ ಮಧ್ಯಾಹ್ನಕ್ಕೆ ಮತ್ತೆ ಕೂತಿರುತ್ತದೆ. ಸರಳು ನೆಡುವ ಕೆಲಸವನ್ನು ಹತ್ತಿರದಿಂದ ನೋಡಿ. 12 ಮಿಲಿಮೀಟರ್ ಸರಳಿಗೆ 16ರ ಬಿಟ್ಟು ಹಾಕಿ ಕೊರೆಯುತ್ತಾರೆ. ರಂಧ್ರದ ಗೋಡೆಗೆ ಹಿಟ್ಟಿನಂಥ ಪುಡಿ ಮೆತ್ತಿರುತ್ತದೆ. ಕಂಪನಿಯ ಹಾಳೆ ಹೇಳುವುದು: ಪಂಪಿನಿಂದ ಊದು, ತಂತಿಯ ಕುಂಚದಿಂದ ಉಜ್ಜು, ಮತ್ತೆ ಊದು, ಇಡೀ ಸುತ್ತನ್ನು ಎರಡು ಮೂರು ಸಲ ಮಾಡು. ನಡೆಯುವುದು: ಮೇಸ್ತ್ರಿ ಬಗ್ಗಿ ಒಂದು ಸಲ ಬಾಯಿಂದ ಊದುತ್ತಾನೆ, ಪುಡಿ ಅವನ ಕಣ್ಣಿಗೇ ಬರುತ್ತದೆ, ಅಲ್ಲಿಗೆ ಶುದ್ಧಿ ಮುಗಿಯಿತು. ಬಾಯಿಯ ಗಾಳಿಯಲ್ಲಿ ತೇವವಿದೆ, ತಳ ಮುಟ್ಟುವಷ್ಟು ಬಲವಿಲ್ಲ. ಆಮೇಲೆ ರಾಳವನ್ನು ತಳದಿಂದ ತುಂಬಿಕೊಂಡು ಬರಬೇಕು, ಬಾಯಿಯಿಂದ ಒಳಕ್ಕಲ್ಲ. ಇಲ್ಲವಾದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಸರಳನ್ನು ತಿರುಗಿಸುತ್ತ ಇಳಿಸಿದಾಗ ರಾಳ ಮೇಲೆ ಉಕ್ಕಿ ಬರಬೇಕು. ಉಕ್ಕದಿದ್ದರೆ ಒಳಗೆ ಪೊಳ್ಳಿದೆ ಎಂದೇ ಅರ್ಥ.

ಬೆರೆಸಿದ ಅಂಟು ಕೈಯಲ್ಲಿ ಉಳಿಯುವ ಹೊತ್ತೂ ಒಂದು ಬೇಡಿಕೆಯೇ. ತಾಪ ಹತ್ತು ಡಿಗ್ರಿ ಏರಿದರೆ ಈ ಅವಧಿ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. 25 ಡಿಗ್ರಿಯಲ್ಲಿ 40 ನಿಮಿಷ ಎಂದು ಬರೆದಿದ್ದರೆ ಮೇ ತಿಂಗಳ ಮಧ್ಯಾಹ್ನ ಹದಿನೈದು ನಿಮಿಷವೂ ಸಿಗದು. ಬಕೆಟ್ಟಿನಲ್ಲಿ ಒಟ್ಟಿಗೆ ಬೆರೆಸಿಟ್ಟ ರಾಳ ತನ್ನ ಬಿಸಿಗೆ ತಾನೇ ಕಾದು ಹೊಗೆಯಾಡುತ್ತದೆ. ಅಗಲವಾದ ತಟ್ಟೆಯಲ್ಲಿ ಹರಡಿದರೆ ಬಿಸಿ ಹೊರಹೋಗುತ್ತದೆ. ಬೆಳಗಿನ ಹೊತ್ತಿನ ಕೆಲಸ, ಸಣ್ಣ ಸಣ್ಣ ಪಾಲಿನ ಬೆರಕೆ, ನೆರಳಿನಲ್ಲಿಟ್ಟ ಡಬ್ಬಿ ಇವು ಇಲ್ಲಿ ಶೋಕಿಯಲ್ಲ.

ನೀರು ಮತ್ತು ಕ್ಷಾರದ ಮಾತು ಬೇಗ ಮುಗಿಯುತ್ತದೆ. ಗಟ್ಟಿಯಾದ ಎಪಾಕ್ಸಿ ಕಾಂಕ್ರೀಟಿನ ಕ್ಷಾರವನ್ನು ತಾಳುತ್ತದೆ, ಪಾಲಿಯೆಸ್ಟರ್ ರಾಳ ಅಷ್ಟು ತಾಳದು. ಒದ್ದೆ ಮೇಲ್ಮೈಗೆ ಹಚ್ಚುವ ವಿಶೇಷ ಬಗೆಗಳಿವೆ, ಕಾಲುವೆ ಸೇತುವೆಯ ದುರಸ್ತಿಗೆ ಅವೇ ಬೇಕು.

ಪರಂಪರೆಯ ಕಲ್ಲಿಗೆ ಅಂಟು

ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಇಲ್ಲಿನ ದುರಸ್ತಿಗೆ ಮೇಲಿನ ಪಟ್ಟಿ ಸಾಲದು; ಎರಡು ಹೊಸ ಬೇಡಿಕೆಗಳು ಸೇರುತ್ತವೆ. ಹೊಸದು ಹಳೆಯದಕ್ಕಿಂತ ಬಲವಾಗಿರಬಾರದು, ಮತ್ತು ಸಾಧ್ಯವಾದಷ್ಟೂ ಮುಂದೊಮ್ಮೆ ತೆಗೆಯುವಂತಿರಬೇಕು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ ಜಾನ್ ಮಾರ್ಷಲ್ 1923ರಲ್ಲಿ ಬರೆದ ಕೈಪಿಡಿಯೂ ಇಲಾಖೆಯ 2014ರ ಸಂರಕ್ಷಣಾ ನೀತಿಯೂ ಕನಿಷ್ಠ ಹಸ್ತಕ್ಷೇಪದ ಕಡೆಗೇ ವಾಲುತ್ತವೆ. 1528ರ ಉಗ್ರನರಸಿಂಹ ವಿಗ್ರಹದ ಮೊಣಕಾಲುಗಳ ನಡುವೆ ಈಗ ಕಾಣುವ ಕಲ್ಲಿನ ಪಟ್ಟಿ ದುರಸ್ತಿಯಲ್ಲಿ ಸೇರಿದ್ದು. ಒಡೆದ ಬಂಡೆಯನ್ನು ಬರಿಯ ಅಂಟಿಗೆ ಒಪ್ಪಿಸದೆ ಕಲ್ಲಿಗೆ ಕಲ್ಲನ್ನೇ ಆಸರೆ ಕೊಟ್ಟದ್ದು ಒಳ್ಳೆಯ ಬುದ್ಧಿ.

ಇಪ್ಪತ್ತನೆಯ ಶತಮಾನದಲ್ಲಿ ಸಿಮೆಂಟು ಸುಲಭವಾಗಿ ಸಿಕ್ಕಿದ್ದೇ ದೇಶದ ಎಷ್ಟೋ ಸ್ಮಾರಕಗಳಿಗೆ ಕುತ್ತು ತಂದಿತು. ಸುಣ್ಣದ ಗಾರೆಯ ಸಂದಿಗೆ ಸಿಮೆಂಟು ಮೆತ್ತಿದರೆ ಗೋಡೆಯೊಳಗಿನ ತೇವ ಸಂದಿಯಿಂದ ಹೊರಡಲಾರದೆ ಇಟ್ಟಿಗೆಯ ಮೂಲಕ ಹೊರಡುತ್ತದೆ. ಜೊತೆಗೆ ಬಂದ ಲವಣ ಇಟ್ಟಿಗೆಯ ಮುಖವನ್ನು ಪುಡಿಮಾಡುತ್ತದೆ. ಕಬ್ಬಿಣದ ಕೀಲುಗಳದು ಇನ್ನೊಂದು ಕಥೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಲ್ಲು ಒಳಗಿಂದಲೇ ಸೀಳುತ್ತದೆ. ಹಾಗಾಗಿ ಮುರಿದ ತೊಲೆಯನ್ನು ಕೂಡಿಸುವಾಗ ಈಗ ಸ್ಟೇನ್‌ಲೆಸ್ ಸ್ಟೀಲಿನ ಸರಳು ಹಾಕಿ, ಸುತ್ತ ಎಪಾಕ್ಸಿ ತುಂಬುವುದು ರೂಢಿ. ಭಾರ ಸರಳಿನದು, ಅಂಟು ಅದನ್ನು ಕಲ್ಲಿಗೆ ಕಚ್ಚಿಸುತ್ತದೆ ಅಷ್ಟೆ. ರಾಳ ಕಲ್ಲಿನ ಹೊರಮೈವರೆಗೆ ಬರಬಾರದು: ಬಿಸಿಲಿನ ನೇರಳಾತೀತ ಕಿರಣಕ್ಕೆ ಎಪಾಕ್ಸಿ ಹಳದಿಗಟ್ಟಿ ಪುಡಿಯಾಗುತ್ತದೆ. ಹೊರಗಿನ ಒಂದೆರಡು ಅಂಗುಲವನ್ನು ಕಲ್ಲಿನ ಪುಡಿ ಬೆರೆಸಿದ ಸುಣ್ಣದ ಗಾರೆಯಿಂದ ಮುಚ್ಚಿದರೆ ಕಣ್ಣಿಗೂ ಹಿತ, ಅಂಟಿಗೂ ನೆರಳು.

ಮರ, ಟೈಲ್ಸ್, ಗಾಜು

ಪ್ಲೈವುಡ್ಡಿನ ಅಂಟಿಗೆ ಐಎಸ್ 848 ಇದೆ. ಐಎಸ್ 710ರ ಮೆರೈನ್ ಪ್ಲೈವುಡ್ 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಪದರ ಬಿಡಬಾರದು. ಇದಕ್ಕೆ ಫಿನಾಲಿಕ್ ರಾಳವೇ ಬೇಕು. ಬೆಂಗಳೂರಿನಲ್ಲಿ 1962ರಲ್ಲಿ ಹುಟ್ಟಿದ ಪ್ಲೈವುಡ್ ಸಂಶೋಧನಾ ಸಂಸ್ಥೆ ಇದೇ ರಾಳದಿಂದ ಬಿದಿರಿನ ಚಾಪೆಗಳನ್ನು ಅಂಟಿಸಿ ಚಾವಣಿಯ ಅಲೆಹಾಳೆ ತಯಾರಿಸುವ ವಿಧಾನ ರೂಪಿಸಿತು. ಟೈಲ್ಸ್ ಅಂಟುಗಳನ್ನು ಐಎಸ್ 15477 ಐದು ಬಗೆಯಾಗಿ ವಿಂಗಡಿಸಿ, ಒಣಗಿದಾಗ, ನೆನೆದಾಗ, ಕಾಯಿಸಿದಾಗ ಬೇರೆ ಬೇರೆಯಾಗಿ ಪರೀಕ್ಷಿಸುತ್ತದೆ. ಹೊರಗೋಡೆಗೆ ದಪ್ಪ ಗ್ರಾನೈಟ್ ಚಪ್ಪಡಿಯನ್ನು ಬರಿಯ ‘ಗಮ್’ ಹಚ್ಚಿ ನಿಲ್ಲಿಸುವುದು ಈಚಿನ ಫ್ಯಾಷನ್. ಆಳೆತ್ತರದ ಮೇಲೆ ಹೋಗುವಾಗ ಸ್ಟೇನ್‌ಲೆಸ್ ಕೊಕ್ಕೆ ಇಲ್ಲದೆ ಹಾಗೆ ಮಾಡುವುದು ಕೆಳಗೆ ಓಡಾಡುವವರ ಅದೃಷ್ಟಕ್ಕೆ ಬಿಟ್ಟಂತೆ. ಗಾಜಿನ ಮುಖದ ಕಟ್ಟಡಗಳಲ್ಲಿ ಗಾಜನ್ನು ಚೌಕಟ್ಟಿಗೆ ಹಿಡಿಯುವ ಸಿಲಿಕೋನಿಗೆ ವಿನ್ಯಾಸದಲ್ಲಿ ಒಪ್ಪುವ ಬಲ ಚದರ ಮಿಲಿಮೀಟರಿಗೆ 0.14 ನ್ಯೂಟನ್ ಮಾತ್ರ. ಎಪಾಕ್ಸಿಯ ಮುಂದೆ ಇದು ಏನೂ ಅಲ್ಲ. ಆದರೂ ಗಾಜಿಗೆ ಎಪಾಕ್ಸಿ ಬಳಸುವುದಿಲ್ಲ, ಏಕೆಂದರೆ ಹೆಚ್ಚು ಹಿಗ್ಗುವ ಅಲ್ಯೂಮಿನಿಯಂ ಮತ್ತು ಅಷ್ಟು ಹಿಗ್ಗದ ಗಾಜಿನ ನಡುವೆ ಬೇಕಾದದ್ದು ಬಾಗುವ ಗುಣ.

ಕೆಲಸದ ಜಾಗದ ಪರೀಕ್ಷೆ

ಮಾನಕದ ಪರೀಕ್ಷೆಗಳು ಪ್ರಯೋಗಾಲಯದವು. ಕೆಲಸದ ಜಾಗದಲ್ಲಿ ಮಾಡಬಹುದಾದವು ಕೆಲವೇ. ಅಂಟಿಸಿದ ಮೇಲ್ಮೈಗೆ 50 ಮಿಲಿಮೀಟರಿನ ಲೋಹದ ಬಿಲ್ಲೆ ಹಚ್ಚಿ, ಸುತ್ತ ಕೊರೆದು, ಸಣ್ಣ ಯಂತ್ರದಿಂದ ಎಳೆದು ನೋಡುವುದು ಒಂದು. ನೆಟ್ಟ ಸರಳುಗಳಲ್ಲಿ ಕೆಲವನ್ನು ಜ್ಯಾಕ್ ಹಾಕಿ ನಿಗದಿತ ಭಾರಕ್ಕೆ ಎಳೆಯುವುದು ಇನ್ನೊಂದು. ಯಾವ ಯಂತ್ರವೂ ಇಲ್ಲದಲ್ಲಿ ಪ್ರತಿ ಬೆರಕೆಯಿಂದ ಒಂದಿಷ್ಟನ್ನು ಕಾಗದದ ಲೋಟಕ್ಕೆ ಸುರಿದು, ದಿನಾಂಕ ಬರೆದು ಇಡಬೇಕು. ಮರುದಿನ ಉಗುರು ಇಳಿದರೆ, ಅಂಟಂಟಾಗಿದ್ದರೆ ಅಳತೆ ತಪ್ಪಿದೆ. ರಾಳ–ಗಟ್ಟಿಕಾರಕದ ಪ್ರಮಾಣ ಕೆಲವು ಡಬ್ಬಿಗಳಲ್ಲಿ ತೂಕದ ಲೆಕ್ಕ, ಕೆಲವದರಲ್ಲಿ ಅಳತೆಯ ಲೆಕ್ಕ. ಇವೆರಡನ್ನು ಕಲಸಿಕೊಳ್ಳುವುದು ಸಾಮಾನ್ಯ ತಪ್ಪು. ಬೇಗ ಗಟ್ಟಿಯಾಗಲೆಂದು ಗಟ್ಟಿಕಾರಕವನ್ನು ಹೆಚ್ಚು ಸುರಿಯುವುದೂ ತಪ್ಪೇ: ಕೊಂಡಿ ಸಿಗದೆ ಉಳಿದ ಭಾಗ ಅಂಟನ್ನು ಮೆದುವಾಗಿಸುತ್ತದೆ. ತಗಡಿನ ಶೆಡ್ಡಿನಲ್ಲಿ ಒಂದು ಬೇಸಿಗೆ ಕಳೆದ ಡಬ್ಬಿಯ ಮೇಲಿನ ಅವಧಿಯ ದಿನಾಂಕವನ್ನು ನಂಬುವಂತಿಲ್ಲ.

ಗಟ್ಟಿಕಾರಕದ ಅಮೈನುಗಳು ಚರ್ಮಕ್ಕೆ ಕೆಟ್ಟವು. ಒಮ್ಮೆ ಅಲರ್ಜಿ ಹತ್ತಿದರೆ ಅಂಥ ಕೆಲಸಗಾರ ಮುಂದೆ ಎಪಾಕ್ಸಿಯ ಹತ್ತಿರ ಸುಳಿದರೂ ತುರಿಕೆ, ಗುಳ್ಳೆ ಏಳುತ್ತದೆ. ಸುಣ್ಣ ಅರಳಿಸುವವರ ಕೈಕಾಲು ಸುಡುತ್ತಿದ್ದಂತೆಯೇ ಇದೂ, ಆದರೆ ಸುಣ್ಣದ ಉರಿ ತಕ್ಷಣ ಗೊತ್ತಾಗುತ್ತದೆ, ಇದು ವಾರಗಳ ನಂತರ. ನೈಟ್ರೈಲ್ ಕೈಗವಸು ಹಾಕಬೇಕು; ಕೈಗೆ ತಗಲಿದ ರಾಳವನ್ನು ಥಿನ್ನರಿನಿಂದ ಒರೆಸಬಾರದು, ಅದು ರಾಳವನ್ನು ಚರ್ಮದೊಳಕ್ಕೇ ಒಯ್ಯುತ್ತದೆ. ಸಾಬೂನು, ನೀರು ಸಾಕು. ಉಳಿದ ರಾಳವನ್ನೂ ಗಟ್ಟಿಕಾರಕವನ್ನೂ ಹಾಗೇ ಕಾಲುವೆಗೆ ಚೆಲ್ಲದೆ, ಎರಡನ್ನೂ ಸರಿಯಾದ ಪ್ರಮಾಣದಲ್ಲಿ ಬೆರೆಸಿ ಗಟ್ಟಿಮಾಡಿ ಕಸಕ್ಕೆ ಹಾಕುವುದು ಕ್ರಮ.